ಮುಯ್ಯಿಗೆ ಕೊಟ್ಟ ಕೈ

ಹಂಚಿನಕಟ್ಟಿ, ಡೋಣಿ ದಂಡೆ
ಇಸವಿ ೨೧೬೪, ಏಳನೆಯ ಸುತ್ತು, ಮೂವತ್ತೆಂಟನೆಯ ದಿನ

ನನ್ನ ಅಜ್ಜಿಯ ಅಜ್ಜಿಗೂ ಆಕೆಯ ಓಣಿಯಲ್ಲಿದ್ದ ಎಲ್ಲರಿಗೂ ನೀಲಗಂಗವ್ವ ಮಾಡುವ ಶರಣು.

ತಾರೀಕು ನೋಡಿ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡಿ. ನಿಮ್ಮ ತಿಂಗಳಿಗೆ ಮೂವತ್ತೋ ಮೂವತ್ತೊಂದೋ ದಿನ ಇದ್ದವೆಂದು ನನಗೂ ಗೊತ್ತು. ನಮ್ಮಲ್ಲಿ ತಿಂಗಳು ಹೋಗಿ ಸುತ್ತು ಬಂದಿದೆ. ಒಂದು ಸುತ್ತಿಗೆ ನಲವತ್ತು ದಿನ. ಆರೈಕೆಯ ಯಂತ್ರವನ್ನು ನಲವತ್ತು ದಿನಕ್ಕೊಮ್ಮೆ ಬಿಚ್ಚಿ, ತೊಳೆದು, ಮತ್ತೆ ಜೋಡಿಸುತ್ತಾರೆ. ಅದರ ಮೈಲಿಗೆ ಕಳೆಯುವ ದಿನವೇ ನಮ್ಮ ಪಂಚಾಂಗದ ಗಡಿ. ಅಮಾವಾಸ್ಯೆ ಹುಣ್ಣಿಮೆಗಳು ಆಕಾಶದಲ್ಲಿ ಇನ್ನೂ ಆಗುತ್ತವೆ, ಕೇಳುವವರಿಲ್ಲ. ಬಸುರಿಯ ಲೆಕ್ಕವನ್ನು ಮಾತ್ರ ನಾವು ಹೆಂಗಸರು ತಿಂಗಳಲ್ಲೇ ಇಟ್ಟುಕೊಂಡಿದ್ದೇವೆ, ಏಕೆಂದರೆ ಹೊಟ್ಟೆಗೆ ಸರ್ಕಾರದ ಪಂಚಾಂಗ ತಿಳಿಯುವುದಿಲ್ಲ. ನನ್ನ ಮಾತುಗಳೂ ನಿಮಗೆ ವಿಚಿತ್ರ ಕಂಡಾವು. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಐದನೆಯದಕ್ಕೆ ಹೋಗುವಷ್ಟರಲ್ಲಿ ಮಾಸ್ತರರನ್ನು ತೆಗೆದು ಗೋಡೆಗೆ ಒಂದು ಮಾತಾಡುವ ಗಾಜು ಹಚ್ಚಿದರು. ಗಾಜಿನ ಮುಂದೆ ಕೂರುವುದಕ್ಕೆ ಮನೆಯಲ್ಲಿ ಕನ್ನಡಿ ಇಲ್ಲವೇ ಎಂದು ನಮ್ಮಪ್ಪ ನನ್ನನ್ನು ಬಿಡಿಸಿದ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ವಿಷಯ ಸೊಟ್ಟಗಿದ್ದರೆ ಕ್ಷಮಿಸುವುದು ಬೇಡ.

ಇಲ್ಲಿ ಹಿಂದಂಚೆ ಎಂದು ಒಂದಿದೆ. ಪಂಚಾಯ್ತಿ ಕಟ್ಟೆಯ ಮೇಲಿನ ನೀಲಿ ಪೆಟ್ಟಿಗೆ. ಅದರಲ್ಲಿ ಹಾಕಿದ ಕಾಗದ ಹಿಂದಿನ ಕಾಲಕ್ಕೆ ಹೋಗುತ್ತದಂತೆ. ಹೋಗುತ್ತದೆಯೋ, ಪೆಟ್ಟಿಗೆಯ ತಳದಲ್ಲೇ ಹುಳ ಹಿಡಿಯುತ್ತದೆಯೋ, ನೋಡಿ ಬಂದವರಿಲ್ಲ. ಜನ ಅದಕ್ಕೆ ವಂದನೆಗಳನ್ನು ಹಾಕುತ್ತಾರೆ, ಮರ ನೆಟ್ಟಿರಿ, ಬಾವಿ ತೋಡಿದಿರಿ, ನಿಮ್ಮ ಉಪಕಾರ ದೊಡ್ಡದು ಎಂದು. ನಾನು ವಂದನೆ ಹೇಳಲು ಕೂತಿಲ್ಲ. ನಾಡಿದ್ದಿಗೆ ಈ ಸುತ್ತು ಮುಗಿಯುತ್ತದೆ. ಅಷ್ಟರೊಳಗೆ ನಾನು ಒಂದು ಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಕು. ಒತ್ತಿದರೆ, ತೊಟ್ಟಿಲಲ್ಲಿ ಮಲಗಿರುವ ನನ್ನ ಮೊಮ್ಮಗಳಿಗೆ ಔಷಧ ಸಿಗುತ್ತದೆ. ಅದೇ ಹೆಬ್ಬೆಟ್ಟಿನಿಂದ ಈ ತಾಲೂಕಿನಲ್ಲಿ ರೋಗಿಯ ಮೈ ಮುಟ್ಟಿ ನೋಡುವ ಕೊನೆಯ ಮನುಷ್ಯರು ಕೆಲಸ ಬಿಟ್ಟು ಮನೆಗೆ ಹೋಗುತ್ತಾರೆ. ಒತ್ತದಿದ್ದರೆ ಆ ಮನುಷ್ಯರು ಉಳಿದಾರು, ಕೂಸು ಉಳಿಯಲಾರದು. ವಿಷಯ ಇಷ್ಟೇ. ಇಲ್ಲಿಗೆ ಹೇಗೆ ಬಂದೆ ಎಂಬುದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಈ ದಾರಿಗೆ ಮೊದಲ ಕಲ್ಲು ಹಾಸಿದವರು ನೀವು, ಕಣ್ಣು ಮುಚ್ಚಿಕೊಂಡು ನಡೆದವಳು ನಾನು.

ನಮ್ಮ ಊರನ್ನು ನೋಡಿದರೆ ನೀವು ಗುರುತು ಹಿಡಿಯಲಾರಿರಿ. ಡೋಣಿ ಹರಿದರೆ ಓಣಿ ತುಂಬ ಜೋಳ ಎಂಬ ಮಾತು ಬಾಯಲ್ಲಿ ಉಳಿದಿದೆ. ಡೋಣಿ ಈಗ ಕೊಳವೆಯೊಳಗೆ ಹರಿಯುತ್ತದೆ, ಜೋಳ ನೆರಳುಪರದೆಯ ಕೆಳಗೆ ಹೆದರಿಕೊಂಡು ಬೆಳೆಯುತ್ತದೆ. ಎರೆಭೂಮಿಯ ಬಹುಪಾಲು ಬಿಸಿಲಹೊಲವಾಗಿದೆ. ಬಿಸಿಲಹೊಲ ಎಂದರೆ ಬಿಸಿಲು ಹಿಡಿದು ಕರೆಂಟು ಮಾಡುವ ಕಪ್ಪು ಹಾಳೆಗಳು ಸಾಲುಸಾಲಾಗಿ ಮಲಗಿರುವ ಜಾಗ. ನಿಮ್ಮ ಕಾಲದಲ್ಲೂ ಅದರ ಮೊಳಕೆ ಒಡೆದಿತ್ತಂತೆ. ಹೆಂಗಸರು ನಸುಕಿಗೆ ಎದ್ದು ಹೋಗಿ ಆ ಹಾಳೆಗಳ ಧೂಳು ಒರೆಸಿ, ಬಾಗಿಲಹೊತ್ತಿಗೆ ಮುಂಚೆ ಮನೆ ಸೇರುತ್ತಾರೆ. ಬಾಗಿಲಹೊತ್ತು ಎಂದರೆ ಹನ್ನೊಂದರಿಂದ ನಾಲ್ಕರ ತನಕ. ಊರಿಗೆಲ್ಲ ಕೇಳುವಂತೆ ಒಂದು ಕೂಗು ಆಗುತ್ತದೆ, ಆಮೇಲೆ ಮನುಷ್ಯರಾಗಲಿ ಎಮ್ಮೆಯಾಗಲಿ ಗಾಡಿಯಾಗಲಿ ಹೊರಗಿರುವಂತಿಲ್ಲ. ಒದ್ದೆ ಚಾದರವನ್ನು ಕಿಟಕಿಗೆ ಕಟ್ಟಿಕೊಂಡು ಒಳಗೆ ಕೂರುತ್ತೇವೆ, ಮಾತು ಮುಗಿದ ಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತೇವೆ. ರೊಟ್ಟಿಯನ್ನು ಮಾತ್ರ ಇನ್ನೂ ಕೈಯಲ್ಲೇ ಬಡಿಯುತ್ತೇವೆ. ರೊಟ್ಟಿ ಬಡಿಯುವ ಯಂತ್ರವನ್ನೂ ಕಳಿಸಿದ್ದರು; ಅದರ ರೊಟ್ಟಿಯನ್ನು ನಾಯಿ ಮೂಸಿ ನೋಡಿ ಮುಂದೆ ಹೋಯಿತು.

ಆರೈಕೆಯ ಯಂತ್ರಕ್ಕೆ ಸರ್ಕಾರ ಇಟ್ಟ ಹೆಸರು ಶುಶ್ರೂಷಿಣಿ. ಅಷ್ಟು ಮೃದು ಹೆಸರು ನಮ್ಮ ನಾಲಿಗೆಗೆ ಒಗ್ಗದೆ ನಾವು ಸುಸ್ರವ್ವ ಎಂದೆವು. ನಾಲ್ಕು ಗಾಲಿ, ಎರಡು ಉದ್ದನೆಯ ಕೈ, ಹೊಟ್ಟೆಯ ಜಾಗದಲ್ಲಿ ಒಂದು ಪೊಟರೆ. ಪೊಟರೆಗೆ ಕೈಗೂಡು ಎನ್ನುತ್ತೇವೆ. ಎಂಟು ದಿನಕ್ಕೊಮ್ಮೆ ಬೆಳಿಗ್ಗೆ ಏಳರಿಂದ ಹತ್ತರ ತನಕ ಅದು ಓಣಿಯಲ್ಲಿ ನಿಲ್ಲುತ್ತದೆ. ಮಣಿಕಟ್ಟಿನ ತನಕ ಕೈ ತೂರಿಸಿದರೆ ನಾಡಿ ನೋಡುತ್ತದೆ, ಬಿಸಿ ನೋಡುತ್ತದೆ, ಸೊಳ್ಳೆ ಕಡಿದಷ್ಟು ರಕ್ತ ತೆಗೆಯುತ್ತದೆ. ನೀವು ಬೀಪಿ ಎನ್ನುತ್ತಿದ್ದುದನ್ನು ನಾವು ಏರು ಎನ್ನುತ್ತೇವೆ, ಅದನ್ನೂ ಅಳೆಯುತ್ತದೆ. ಅದರ ಕೈಗುಣಕ್ಕೆ ನಾನು ಕುಂದು ಹೇಳುವುದಿಲ್ಲ. ಹಾವು ಕಡಿದವರು ಈಗ ಸಾಯುವುದಿಲ್ಲ. ನನ್ನ ಎರಡು ಕಣ್ಣಿನ ಪೊರೆಯನ್ನು ಅದು ಕಟ್ಟೆಯ ಮೇಲೆ ಕೂರಿಸಿಯೇ ತೆಗೆಯಿತು, ಸೊಪ್ಪು ಸೋಸಿದಷ್ಟು ಹಗುರಾಗಿ. ನಮ್ಮ ಅತ್ತೆ ಮೂರು ದಿನ ಹೆರಿಗೆ ನೋವು ತಿಂದ ಕಥೆಯನ್ನು ಕೇಳಿದವಳು ನಾನು. ಯಂತ್ರವೇ ಬೇಡ ಎನ್ನುವ ಹುಚ್ಚು ನನಗಿಲ್ಲ.

ಅದಕ್ಕೆ ಎರಡು ಕಟ್ಟುಗಳನ್ನು ಹಾಕಿಟ್ಟವರು ನೀವೇ, ಅಥವಾ ನಿಮ್ಮ ಮಕ್ಕಳು. ಮುಖ ನೋಡಿ ಜಾತಿ ಹುಡುಕಬಾರದೆಂದು ಯಂತ್ರ ಮುಖ ನೋಡುವಂತಿಲ್ಲ. ರಕ್ತದಲ್ಲಿ ಕುಲ ಹುಡುಕಬಾರದೆಂದು ಈ ರಕ್ತ ಯಾರದು ಎಂದು ಕೇಳುವಂತಿಲ್ಲ. ಒಳ್ಳೆಯ ಕಾನೂನು, ಒಳ್ಳೆಯದಕ್ಕೇ ಮಾಡಿದ್ದು. ಹಾಗಾಗಿ ಸುಸ್ರವ್ವನಿಗೆ ಮನುಷ್ಯರ ಗುರುತು ಸಿಗುವುದು ತಾಯಿತದಿಂದ ಮಾತ್ರ. ತಾಯಿತ ಎಂದರೆ ಹುಟ್ಟಿದಾಗ ಕೊರಳಿಗೆ ಕಟ್ಟುವ ಸಣ್ಣ ಬಿಲ್ಲೆ. ಅದನ್ನು ಕೈಗೂಡಿಗೆ ತಾಗಿಸಬೇಕು, ಆಮೇಲೆ ಕೈ ಕೊಡಬೇಕು. ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನಡುವೆ ಯಾರೋ ಜಾಣರು ಒಂದು ಶಿಕ್ಷೆ ಸೇರಿಸಿದರು. ಒಂದು ಸುತ್ತಿನಲ್ಲಿ ಎರಡು ಸಲ ಕೈ ತಪ್ಪಿದರೆ ಆ ಮನೆಯ ಸರತಿ ಬೀಳುತ್ತದೆ. ಸರತಿ ಎಂದರೆ ದೊಡ್ಡ ಆಸ್ಪತ್ರೆಯ ಸಾಲಿನಲ್ಲಿ ನಿಮ್ಮ ಜಾಗ, ಬಿದ್ದರೆ ಬಾಲಕ್ಕೆ. ಜನರಿಗೆ ಶಿಸ್ತು ಬರಲಿ ಎಂದು ಮಾಡಿದರಂತೆ. ಜನರಿಗೆ ಶಿಸ್ತು ಬರಲಿಲ್ಲ, ಉಪಾಯ ಬಂತು.

ನಿಮಗೆ ಮುಯ್ಯಿ ಗೊತ್ತಿರಬೇಕು. ಇವತ್ತು ನಿನ್ನ ಹೊಲದ ಕಳೆಗೆ ನಾನು, ನಾಳೆ ನನ್ನ ಹೊಲದ ಕಳೆಗೆ ನೀನು. ಕಳೆ ಹೋಯಿತು, ಹೊಲ ಹೋಯಿತು, ಮುಯ್ಯಿ ಉಳಿಯಿತು. ಸುಸ್ರವ್ವ ಬರುವ ಹೊತ್ತಿಗೆ ಓಣಿಯ ಅರ್ಧ ಜನ ಬಿಸಿಲಹೊಲದಲ್ಲಿರುತ್ತಾರೆ. ಕೈ ತಪ್ಪಿದರೆ ಸರತಿ ಬೀಳುತ್ತದೆ. ನಾವು ಹನ್ನೊಂದು ಮನೆಯವರು ಮುಯ್ಯಿಗೆ ಕೈ ಕೊಡತೊಡಗಿದೆವು. ಮನೆಯಲ್ಲಿದ್ದವರು ಇಲ್ಲದವರ ತಾಯಿತ ತಾಗಿಸಿ ತಮ್ಮ ಕೈ ತೂರಿಸುವುದು. ಇದನ್ನು ಮೋಸ ಎಂದು ಯಾರೂ ಎಣಿಸಲಿಲ್ಲ. ನೆರೆಯವಳ ಎಮ್ಮೆಗೆ ನೀರು ಕುಡಿಸಿದಷ್ಟೇ ಸಹಜ. ಎದುರುಮನೆಯ ಭೀಮವ್ವ ಒಮ್ಮೆ ತನ್ನ ಗಂಡ ಗುರಲಿಂಗಪ್ಪನ ಪಾಳಿಗೆ ಬಸುರಿ ಮಗಳ ಕೈ ಕೊಡಿಸಿದಳು. ಗುರಲಿಂಗಪ್ಪನಿಗೆ ಈಗ ಎಷ್ಟನೆಯ ತಿಂಗಳು ಎಂದು ಓಣಿಯೆಲ್ಲ ನಕ್ಕು ಸುಸ್ತಾಯಿತು. ಸುಸ್ರವ್ವ ಮಾತ್ರ ನಗಲಿಲ್ಲ, ಅನುಮಾನವನ್ನೂ ಪಡಲಿಲ್ಲ. ಗಂಡಸಿಗೆ ಬಸಿರು ಇರಲಾರದು, ಆದ್ದರಿಂದ ಈ ದಿನದ ರಕ್ತ ಕೆಟ್ಟಿದೆ ಎಂದು ಬರೆದುಕೊಂಡು ಮುಂದಿನ ಮನೆಗೆ ಹೋಯಿತು. ನಗುವಾಗ ನಮಗೆ ಇದು ತಿಳಿಯಬೇಕಿತ್ತು. ತನಗೆ ಗೊತ್ತಿದ್ದದ್ದಕ್ಕೆ ಹೊಂದದೆ ಇರುವುದನ್ನು ಅದು ಕಸ ಎಂದು ಗುಡಿಸಿ ಹಾಕುತ್ತದೆ.

ಕಸ್ತೂರಿ ನನ್ನ ಸೊಸೆ, ನನ್ನ ಮಗ ಸಂಗಪ್ಪನ ಹೆಂಡತಿ. ನಮ್ಮ ಮನೆಗೆ ಬಂದಾಗ ಇಪ್ಪತ್ತು, ಹೋದಾಗ ಇಪ್ಪತ್ತಾರು. ಬಂದ ಎಂಟನೆಯ ದಿನದಿಂದ ಬಿಸಿಲಹೊಲಕ್ಕೆ ಹೋದಳು, ಅವತ್ತಿನಿಂದ ಅವಳ ಕೈಯನ್ನು ನಾನು ಕೊಟ್ಟೆ. ಆರು ವರ್ಷ. ಸುಸ್ರವ್ವನ ಹೊಟ್ಟೆಯಲ್ಲಿ ಕಸ್ತೂರಿ ಎಂದರೆ ನಾನು, ನನ್ನ ಕೀಲು, ನನ್ನ ಜಡ್ಡು ನಾಡಿ, ಯಾವಾಗಲೂ ನೂರಾ ಐವತ್ತರ ಆಜುಬಾಜು ಇರುವ ನನ್ನ ಏರು. ಹರೆಯದ ಹುಡುಗಿಯ ಹೆಸರಿಗೆ ಮೊಣಕಾಲಿನ ಎಣ್ಣೆ ಬರತೊಡಗಿತು. ಕಸ್ತೂರಿ ಸಾಯಂಕಾಲ ಕೂತು ಅದನ್ನು ನನ್ನ ಕಾಲಿಗೇ ತಿಕ್ಕುತ್ತಿದ್ದಳು.

"ನನ್ನ ಹೆಸರಿನ ಎಣ್ಣಿ, ನಿಮ್ಮ ಮೊಣಕಾಲು," ಎನ್ನುತ್ತಿದ್ದಳು. "ಇಬ್ಬರಿಗೂ ಒಂದ ಮೈ ಆತು ನೋಡ್ರಿ ಅತ್ತಿ."

ಏರು ಇಳಿಸುವ ಮಾತ್ರೆಗಳೂ ಅವಳ ಹೆಸರಿಗೆ ಬರುತ್ತಿದ್ದವು. ಅವುಗಳನ್ನು ಅವಳು ಡಬ್ಬಿಗೆ ಹಾಕಿ ಅಟ್ಟದ ಮೇಲಿಟ್ಟಳು. ಈ ಹುಡುಗಿಗೆ ಮಾತ್ರೆ ಕೊಟ್ಟರೂ ಏರು ಇಳಿಯುವುದಿಲ್ಲ, ಇಳಿಯದಿದ್ದರೂ ಏನೂ ಆಗುವುದಿಲ್ಲ, ಇದೇ ಇವಳ ಗೆರೆ ಎಂದು ಸುಸ್ರವ್ವ ತೀರ್ಮಾನಿಸಿತು. ಗೆರೆ ಎನ್ನುವುದನ್ನು ಹೇಳಬೇಕು. ನಿಮ್ಮ ಕಾಲದಲ್ಲಿ ಎಲ್ಲರಿಗೂ ಒಂದೇ ಅಳತೆಗೋಲು ಇತ್ತಂತೆ, ಇಷ್ಟಿದ್ದರೆ ಸರಿ, ಇಷ್ಟಾದರೆ ರೋಗ ಎಂದು. ಈಗ ಹಾಗಲ್ಲ. ಒಬ್ಬೊಬ್ಬರ ಮೈಯನ್ನು ವರ್ಷಗಟ್ಟಲೆ ನೋಡಿ ಅವರವರಿಗೇ ಒಂದು ಗೆರೆ ಎಳೆಯುತ್ತದೆ. ಗೆರೆಯ ಮೇಲಿದ್ದರೆ ಆರೋಗ್ಯ, ಗೆರೆ ಬಿಟ್ಟರೆ ರೋಗ. ಕೇಳಲು ಇದರಷ್ಟು ನ್ಯಾಯವಾದದ್ದು ಇನ್ನೊಂದಿಲ್ಲ.

ಅವಳು ಬಸುರಾದಳು. ಐದನೆಯ ತಿಂಗಳಿಗೆ ಹೊಲದ ಕೆಲಸ ಬಿಡಿಸಿದರು, ಮನೆಯಲ್ಲೇ ಉಳಿದಳು, ತನ್ನ ಕೈಯನ್ನು ತಾನೇ ಕೊಡತೊಡಗಿದಳು. ಮೊದಲ ದಿನವೇ ಸುಸ್ರವ್ವ ಗಾಬರಿಯಾಯಿತು. ಏರು ನೂರಾ ಹತ್ತು. ನಿಮ್ಮ ಏರು ಬಿದ್ದುಹೋಗಿದೆ, ಉಪ್ಪು ಹೆಚ್ಚು ತಿನ್ನಿ, ಕಾಲು ಎತ್ತರಕ್ಕಿಟ್ಟು ಮಲಗಿ ಎಂದಿತು. ನಾವು ಇಬ್ಬರೂ ಒಳಗೆ ಹೋಗಿ ಬಾಯಿಗೆ ಸೆರಗಿಟ್ಟು ನಕ್ಕೆವು. ಅವತ್ತೇ ಹೇಳಿದ್ದರೆ ಆಗುತ್ತಿತ್ತು. ಹೇಳಿದರೆ ಹನ್ನೊಂದು ಮನೆಯ ಮುಯ್ಯಿ ಬಯಲಾಗುತ್ತದೆ, ಹನ್ನೊಂದು ಮನೆಯ ಸರತಿ ಬೀಳುತ್ತದೆ. ಹೊಟ್ಟೆಯಲ್ಲಿರುವುದು ಕೂಸಲ್ಲವೇ, ನಾಲ್ಕು ತಿಂಗಳು ಕಳೆದರೆ ಎಲ್ಲ ಸರಿಯಾಗುತ್ತದೆ ಎಂದುಕೊಂಡೆ. ಏಳು ತುಂಬಿ ಎಂಟಕ್ಕೆ ಬಿದ್ದಾಗ ಕಸ್ತೂರಿಗೆ ತಲೆನೋವು ಹಿಡಿಯಿತು. ಮುಖ ಊದಿತು. ಕಣ್ಣ ಮುಂದೆ ಮಿಣುಕುಹುಳ ಹಾರಿದಂತಾಗುತ್ತದೆ ಎಂದಳು. ಕೈ ಕೊಟ್ಟಳು. ಏರು ನೂರಾ ಐವತ್ತೆರಡು. ನನ್ನ ಜೀವ ಇರುವ ತನಕ ಮರೆಯುವುದಿಲ್ಲ, ಸುಸ್ರವ್ವ ತನ್ನ ಜೇನಿನಂಥ ದನಿಯಲ್ಲಿ, ನೀವು ನಿಮ್ಮ ಗೆರೆಗೆ ಮರಳಿದ್ದೀರಿ, ಸಂತೋಷ ಎಂದಿತು.

ಮರಳಿದ್ದು ನನ್ನ ಗೆರೆಗೆ.

ಶಮಶಾದಬಿಯ ವಿಷಯ ಈಗ ಬರುತ್ತದೆ. ಅವಳು ಜೊತೆಗಾತಿ. ಯಂತ್ರದ ಜೊತೆ ಒಬ್ಬರಾದರೂ ಮನುಷ್ಯರು ಇರಲೇಬೇಕು ಎಂದು ನೀವು ಹಟ ಹಿಡಿದು ಬರೆಸಿದ ಹುದ್ದೆ ಅದು. ಅದಕ್ಕೊಂದು ಅಧಿಕಾರವಿದೆ. ಸುಸ್ರವ್ವನ ಬೆನ್ನಿಗೆ ಒಂದು ಕೆಂಪು ಹಗ್ಗ ಇಳಿಬಿದ್ದಿರುತ್ತದೆ. ಜೊತೆಗಾತಿ ಅದನ್ನು ಎಳೆದರೆ ಯಂತ್ರ ತನ್ನ ಮಾತು ನಿಲ್ಲಿಸಿ, ರೋಗಿಯನ್ನು ನೇರವಾಗಿ ಜಿಲ್ಲೆಯಲ್ಲಿರುವ ಮನುಷ್ಯ ಡಾಕ್ಟರ ಮುಂದೆ ಒಯ್ಯಬೇಕು. ಹಗ್ಗ ಕಟ್ಟಿದವರ ಬುದ್ಧಿಗೆ ಕೈ ಮುಗಿಯುತ್ತೇನೆ. ಆದರೆ ಹಗ್ಗ ಕಟ್ಟಿ ನೀವು ಮನೆಗೆ ಹೋದಿರಿ. ನಮ್ಮಜ್ಜಿ ತನ್ನ ಅಜ್ಜಿಯಿಂದ ಕೇಳಿದ್ದನ್ನು ಹೇಳುತ್ತಿದ್ದಳು. ಮೊದಮೊದಲು ಡಾಕ್ಟರು ರೋಗಿಯನ್ನು ನೋಡಿ, ಯಂತ್ರ ಹೇಳಿದ್ದನ್ನು ಓದಿ, ತಲೆ ಕೆರೆದುಕೊಂಡು ಸಹಿ ಹಾಕುತ್ತಿದ್ದರಂತೆ. ಆಮೇಲೆ ರೋಗಿಗಳು ಹೆಚ್ಚಾದರು, ಓದಿ ಸಹಿ ಹಾಕಿದರು. ಆಮೇಲೆ ಓದದೆ ಹಾಕಿದರು. ಕೊನೆಗೆ ಸಹಿಯದೇ ಒಂದು ಮುದ್ರೆ ಮಾಡಿ ಅದನ್ನೂ ಯಂತ್ರದ ಕೈಗೇ ಕೊಟ್ಟರು. ಜೊತೆಗಾತಿಯ ಹಗ್ಗ ಉಳಿಯಿತು, ಅದಕ್ಕೊಂದು ಗಂಟು ಬಿತ್ತು. ವರ್ಷದಲ್ಲಿ ಮೂರು ಸಲ ಹಗ್ಗ ಎಳೆದು ಮೂರೂ ಸಲ ಯಂತ್ರದ್ದೇ ಸರಿಯಾದರೆ ಜೊತೆಗಾತಿಯ ಕೆಲಸ ಹೋಗುತ್ತದೆ. ಶಮಶಾದಬಿಗೆ ಈ ವರ್ಷ ಆಗಲೇ ಎರಡು ಆಗಿತ್ತು. ಇಪ್ಪತ್ತು ಹಳ್ಳಿಗೆ ಅವಳೊಬ್ಬಳೇ. ನಮ್ಮ ಓಣಿಗೆ ಸುತ್ತಿಗೊಮ್ಮೆ ಬಂದರೆ ಬಂದಳು.

ಈ ಸುತ್ತಿನ ಎಂಟನೆಯ ದಿನ, ಬೆಳಿಗ್ಗೆ ಒಂಬತ್ತಕ್ಕೆ ಬಂದಳು. ಕಸ್ತೂರಿಯನ್ನು ನೋಡಿ ಕೆಳಗೆ ಕೂತು, ಅವಳ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ತೆಗೆದ ಮೇಲೂ ಹಿಟ್ಟಿನ ಮುದ್ದೆಯಲ್ಲಿ ಬಿದ್ದಂತೆ ಗುಳಿ ಹಾಗೇ ನಿಂತಿತು. ಅವಳು ಆ ಗುಳಿಯನ್ನೇ ಬಹಳ ಹೊತ್ತು ನೋಡಿದಳು. ಬಸುರಿಗೆ ಊತ ಸಹಜ, ಏರು ಗೆರೆಯ ಮೇಲಿದೆ ಎಂದು ಸುಸ್ರವ್ವ ಎರಡು ಸಲ ಹೇಳಿತು. ಶಮಶಾದಬಿ ಅದನ್ನು ಓಣಿಯ ತುದಿಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ನನ್ನ ಹತ್ತಿರ ಬಂದು ಕೂತಳು. ನೀರು ಕೊಟ್ಟೆ, ಕುಡಿಯಲಿಲ್ಲ.

"ನೀಲಗಂಗವ್ವಾ, ಯಂತ್ರ ಇಲ್ಲಿಲ್ಲ. ನಾ ಕೇಳಾಕತ್ತೀನಿ," ಎಂದಳು. "ಆರು ವರ್ಷ ಈಕಿ ಕೈ ಈಕಿನ ಕೊಟ್ಟಾಳೇನು?"

ಕಸ್ತೂರಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಲಿಲ್ಲ.

"ಈಕಿನ ಕೊಟ್ಟಾಳ," ಎಂದೆ. "ಮತ್ತ ಯಾರ ಕೊಡ್ತಾರ?"

ಯಾಕೆ ಹಾಗೆಂದೆ ಎಂದು ಆಮೇಲೆ ನನ್ನನ್ನು ನಾನೇ ಎಷ್ಟು ಸಲ ಕೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಎದುರುಮನೆಯ ಭೀಮವ್ವನಿಗೆ ಎದೆಯ ಆಪರೇಷನ್ನಿಗೆ ನಾಲ್ಕು ವರ್ಷದಿಂದ ಕಾದು ಕಾದು ಒಂಬತ್ತು ದಿನದಲ್ಲಿ ಸರತಿ ಬರುವುದಿತ್ತು. ಮುಯ್ಯಿ ಬಯಲಾದರೆ ಅದು ಹೋಗುತ್ತಿತ್ತು. ಅದಕ್ಕೇ ಸುಳ್ಳು ಹೇಳಿದೆ ಎಂದು ಎಲ್ಲರಿಗೂ ಹೇಳಿದ್ದೇನೆ. ನಿಮಗೆ ಮಾತ್ರ ನಿಜ ಹೇಳುತ್ತೇನೆ: ಅದು ಆಮೇಲೆ ಕಟ್ಟಿಕೊಂಡ ಕಾರಣವೂ ಇದ್ದೀತು. ಆ ಗಳಿಗೆಯಲ್ಲಿ ನನಗೆ ಹೆದರಿಕೆಯಾಯಿತು. ಸಿಕ್ಕಿಬಿದ್ದ ಹೆಂಗಸಿಗೆ ಆಗುವ ಹೆದರಿಕೆ, ಬೇರೆ ಏನೂ ಅಲ್ಲ. ಶಮಶಾದಬಿ ನನ್ನನ್ನು ನಂಬಿದಳು. ಕೈ ಕಸ್ತೂರಿಯದೇ ಆಗಿದ್ದರೆ ಯಂತ್ರದ ಮಾತು ಸರಿ, ಹಗ್ಗ ಎಳೆದರೆ ತನ್ನ ಮೂರನೆಯ ತಪ್ಪು. ಎದ್ದು ಹೋಗುವಾಗ ಬಾಗಿಲಲ್ಲಿ ಒಮ್ಮೆ ನಿಂತಳು. ನಾನು ಆಗಲೂ ಬಾಯಿ ಬಿಡಲಿಲ್ಲ.

ಹತ್ತನೆಯ ದಿನ ಮಧ್ಯಾಹ್ನ ಒಂದೂವರೆಗೆ, ನಡು ಬಾಗಿಲಹೊತ್ತಿನಲ್ಲಿ, ಕಸ್ತೂರಿಗೆ ಫಿಟ್ಸು ಬಂತು. ರೊಟ್ಟಿ ಬುಟ್ಟಿ ಮುಚ್ಚಿಡಲು ಬಗ್ಗಿದವಳು ಹಾಗೇ ಬಿದ್ದಳು. ಹಲ್ಲು ಕಚ್ಚಿತು, ಕಣ್ಣು ಮೇಲಾಯಿತು. ಸಂಗಪ್ಪ ಗೋಡೆಯ ಗುಂಡಿ ಒತ್ತಿ ಕರೆದ. ಈ ಹೆಸರಿನವರ ಗೆರೆಯಲ್ಲಿ ಅಪಾಯವಿಲ್ಲ, ಬಾಗಿಲಹೊತ್ತು ಮುಗಿದ ಮೇಲೆ ಗಾಡಿ ಬರುತ್ತದೆ ಎಂದು ಗೋಡೆ ಹೇಳಿತು. ಅವನು ಬಿಸಿಲಿಗೆ ಬಿದ್ದು ಓಡಿದ. ಅಂಗಾಲು ಸುಟ್ಟುಕೊಂಡು, ಊರ ಅಗಸೆಬಾಗಿಲ ಹತ್ತಿರ ನೆರಳಲ್ಲಿ ನಿಂತಿದ್ದ ಸುಸ್ರವ್ವನನ್ನು ಕಲ್ಲಿನಿಂದ ಹೊಡೆದ. ಅದು ಬಾಗಿಲಹೊತ್ತು ಎಂದಿತು. ನಾಲ್ಕಕ್ಕೆ ಬಂದಾಗ ಕಸ್ತೂರಿ ಇರಲಿಲ್ಲ ಎನ್ನುವಷ್ಟೇ ಇದ್ದಳು. ಆಗ ಅದು ಯಾರೂ ಮಾಡಲಾಗದ್ದನ್ನು ಮಾಡಿತು. ಆ ಉದ್ದನೆಯ ಕೈಗಳಿಂದ ಆರು ನಿಮಿಷದಲ್ಲಿ ಹೊಟ್ಟೆ ಬಿಡಿಸಿ ಕೂಸನ್ನು ತೆಗೆದು, ಉಸಿರು ತುಂಬಿ, ಬೆಚ್ಚನೆಯ ಪೆಟ್ಟಿಗೆಗೆ ಹಾಕಿತು. ಹೆಣ್ಣುಕೂಸು, ನನ್ನ ಒಂದು ಮೊಳಕ್ಕಿಂತ ಸ್ವಲ್ಪ ಗಿಡ್ಡ. ತಾಯಿ ಅಷ್ಟರಲ್ಲಿ ತಣ್ಣಗಾಗಿದ್ದಳು. ನಾನು ಓಣಿಯ ನಡುವೆ ನಿಂತು, ಆ ಕೈ ನನ್ನದು, ಆರು ವರ್ಷದ ಕೈ ನನ್ನದು ಎಂದು ಕೂಗಿದೆ. ಸುಸ್ರವ್ವ ಅದನ್ನು ಬರೆದುಕೊಂಡಿತು.

ವಿಚಾರಣೆಯನ್ನೂ ಅದೇ ಮಾಡಿತು. ಬೇರೆ ಯಾರು ಮಾಡಬೇಕು? ನಾನು ತಾಲೂಕಿನ ಕಚೇರಿಗೆ ಹೋದೆ. ನಲವತ್ತು ಕುರ್ಚಿ, ಒಬ್ಬರೂ ಇಲ್ಲ. ಗೋಡೆಯ ಗಾಜು ನಿಮ್ಮ ದುಃಖದಲ್ಲಿ ನಾವೂ ಭಾಗಿ ಎಂದಿತು. ಈ ನಾವು ಯಾರು, ಹೆಸರಿರುವವರು ಯಾರಾದರೂ ಇದ್ದರೆ ಹೊರಗೆ ಕರೆಯಿರಿ ಎಂದೆ. ಅದು ಮತ್ತೆ ದುಃಖದಲ್ಲಿ ಭಾಗಿಯಾಯಿತು. ಒಳಕೋಣೆಯಲ್ಲಿ ಬಕೀಟು ಸದ್ದಾಗಿ ಒಬ್ಬ ಮುದುಕ ಹೊರಗೆ ಬಂದ. ನಾನು ಅವನ ಕಾಲು ಹಿಡಿಯಲು ಹೋದರೆ ಹಿಂದೆ ಸರಿದ. "ಯವ್ವಾ, ನಾ ತಂಪಿನ ಮಷಿನ್ನಿಗೆ ನೀರ ಹಾಕಾಂವ," ಎಂದ. ಅವನೇ ನನಗೊಂದು ಲೋಟ ನೀರು ಕೊಟ್ಟ. ಅವತ್ತು ಆ ಕಚೇರಿಯಲ್ಲಿ ನನಗೆ ಸಿಕ್ಕ ನ್ಯಾಯ ಅದೊಂದೇ.

ತೀರ್ಪಿನ ಪತ್ರದಲ್ಲಿ ಮೂರು ಮಾತಿವೆ. ಮನೆಯವರು ಬೇರೆಯವರ ಕೈ ಕೊಟ್ಟರು. ಜೊತೆಗಾತಿ ಅದನ್ನು ಕಂಡುಹಿಡಿಯಲಿಲ್ಲ. ಯಂತ್ರ ತನಗೆ ಹೇಳಿಕೊಟ್ಟಂತೆ ನಡೆಯಿತು. ಮೂರೂ ನಿಜ. ಮೂರು ನಿಜ ಸೇರಿ ಒಂದು ಸುಳ್ಳಾಗುತ್ತದೆ ಎಂದು ನಾನು ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಕಲಿತೆ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದಿದೆ: ಜೊತೆಗಾತಿಯರಿಂದ ಉಪಯೋಗವಿಲ್ಲವೆಂದು ಈ ಪ್ರಕರಣದಿಂದ ಸಿದ್ಧವಾದ ಕಾರಣ ತಾಲೂಕಿನಲ್ಲಿ ಆ ಹುದ್ದೆಯನ್ನು ತೆಗೆಯತಕ್ಕದ್ದು. ಮನೆಯ ಹಿರಿಯರ ಹೆಬ್ಬೆಟ್ಟು ಬಿದ್ದರೆ ಪ್ರಕರಣ ಮುಗಿಯುತ್ತದೆ. ಮುಗಿಯುವ ತನಕ ಆ ಮನೆಯಲ್ಲಿ ಹೊಸ ಗೆರೆ ತೆರೆಯುವಂತಿಲ್ಲ. ಗೆರೆಯಿಲ್ಲದ ಕೂಸಿಗೆ ಔಷಧವಿಲ್ಲ. ಬೆಚ್ಚನೆಯ ಪೆಟ್ಟಿಗೆಯಿಂದ ಬಿಡುವಾಗ ಎದೆ ತೆರೆಯುವ ಹನಿಗಳನ್ನು ಒಂದು ಸೀಸೆ ಕೊಟ್ಟಿದ್ದರು. ಅದು ನಿನ್ನೆ ಮುಗಿಯಿತು. ಕೂಸು ಉಸಿರು ಎಳೆಯುವಾಗ ಪಕ್ಕೆಲುಬಿನ ನಡುವೆ ತೊಗಲು ಒಳಗೆ ಹೋಗುವುದನ್ನು ನಾನು ನೋಡುತ್ತಾ ಕೂತಿದ್ದೇನೆ.

ನನ್ನನ್ನು ಯಾರಾದರೂ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಸರತಿ ಕಳೆದುಕೊಂಡ ಭೀಮವ್ವ ಎದೆ ಹಿಡಿದುಕೊಂಡೇ ಬಂದು ರೊಟ್ಟಿ ಪಲ್ಯ ಇಟ್ಟು, "ನನ್ನ ಸರತಿ ಹ್ವಾದ್ರ ಹೋಗಲಿ ಬಿಡ. ನೀ ಅವತ್ತ ಹೇಳಬೇಕಿತ್ತು," ಎಂದಳು. ಸಂಗಪ್ಪ ಹದಿಮೂರು ದಿನ ಮಾತಾಡಲಿಲ್ಲ. ಹದಿನಾಲ್ಕನೆಯ ದಿನ ಅಟ್ಟದಿಂದ ಆ ಮಾತ್ರೆಯ ಡಬ್ಬಿ ಇಳಿಸಿ ನನ್ನ ಮುಂದೆ ಇಟ್ಟ. "ಅವ್ವಾ, ಆರು ವರ್ಷ ಆಕಿ ಕೈ ಆಗಿದ್ದಿ," ಎಂದ. "ಅವತ್ತ ಬಾಯಿನೂ ನೀನ ಆದಿ." ಅಷ್ಟೇ ಅಂದು, ಗಾಳಿ ಹಿಡಿದು ಕರೆಂಟು ಮಾಡುವ ಗಾಳಿಕಂಬದ ಕೆಲಸಕ್ಕೆ ಹೋದ. ಅವನ ಸುಟ್ಟ ಕಾಲು ಇನ್ನೂ ಮಾಗಿಲ್ಲ.

ಮೊನ್ನೆ ಶಮಶಾದಬಿ ಬಂದಳು. ಕೊರಳಲ್ಲಿ ಜೊತೆಗಾತಿಯ ಬಿಲ್ಲೆ ಇರಲಿಲ್ಲ, ಪ್ರಕರಣ ಮುಗಿಯುವ ತನಕ ತೆಗೆದಿಟ್ಟುಕೊಂಡಿದ್ದರು. ಅವಳ ಮುಂದೆ ನಾನು ನೆಲಕ್ಕೆ ಹಣೆ ಹಚ್ಚಿದೆ. ಎಬ್ಬಿಸಿದಳು, ಸಮಾಧಾನ ಹೇಳಲಿಲ್ಲ, ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಕೂಸಿನ ಎದೆಗೆ ಕಿವಿಯಿಟ್ಟು ಕೇಳಿದಳು. ನಾನು ಪತ್ರ ತೋರಿಸಿ, ಇದಕ್ಕೆ ಒತ್ತಿದರೆ ನಿನ್ನಂಥವರು ಆರು ಜನ ಹೋಗುತ್ತಾರೆ, ನಾಳೆ ಇನ್ನೊಬ್ಬಳ ಕಣಕಾಲು ಒತ್ತಿ ನೋಡುವವರು ಇರುವುದಿಲ್ಲ ಎಂದೆ. ಅವಳಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು.

"ಒತ್ತಿಬಿಡವ್ವ," ಎಂದಳು. "ಎದಿ ಸೀಟಿ ಹೊಡ್ಯಾಕತ್ತೈತಿ. ಈ ಕೂಸಿನ ಮ್ಯಾಲ ನೀ ಸತ್ಯ ನಿಲ್ಲಿಸಬ್ಯಾಡ."

ಆದ್ದರಿಂದ ನಾಡಿದ್ದು ನಾನು ಒತ್ತುತ್ತೇನೆ. ಎರಡು ದಿನ ಯಾಕೆ ಎಂದರೆ ಮುದ್ರೆಯ ಹಲಗೆ ಸುಸ್ರವ್ವನ ಹತ್ತಿರವೇ ಇದೆ, ಅದು ಬರುವುದು ಅವತ್ತೇ. ಅಲ್ಲಿಯ ತನಕ ಬಿಸಿನೀರಿನ ಹಬೆ ಹಿಡಿಯುತ್ತಿದ್ದೇನೆ. ಆಗದು ಎನ್ನುವ ಧೈರ್ಯ ನಮ್ಮ ಕಾಲಕ್ಕೆ ಇಲ್ಲ. ನಮ್ಮ ಧೈರ್ಯವನ್ನೆಲ್ಲ ತೊಟ್ಟಿಲಲ್ಲಿ ಹಾಕಿ ಒತ್ತೆ ಇಟ್ಟುಕೊಂಡಿದ್ದಾರೆ. ನಿಮ್ಮ ತೊಟ್ಟಿಲು ಇನ್ನೂ ನಿಮ್ಮದೇ ಇದೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಬಹಳ ಕೇಳುವುದಿಲ್ಲ. ಬಹಳ ಕೇಳಿದರೆ ನೀವು ಏನೂ ಕೊಡುವುದಿಲ್ಲ, ನಿಮ್ಮ ಸಂತಾನವನ್ನು ನೋಡಿ ಹೇಳುತ್ತಿದ್ದೇನೆ. ಯಂತ್ರವನ್ನು ತನ್ನಿ, ಕಣ್ಣಿನ ಪೊರೆ ತೆಗೆಸಿಕೊಳ್ಳಿ. ಆದರೆ ಅದಕ್ಕೆ ನಿಯಮ ಬರೆಯುವವರು ನಿಮ್ಮ ನಡುವೆಯೇ ಎಲ್ಲೋ ಕೂತಿದ್ದಾರೆ, ಚಹಾ ಕುಡಿಯುತ್ತಿದ್ದಾರೆ. ಅವರ ಹತ್ತಿರ ಹೋಗಿ ಕೂತು ಒಂದು ಸಾಲು ಬರೆಸಿ: ನಿಜ ಹೇಳಿದವರ ಸರತಿ ಬೀಳಬಾರದು, ಹಗ್ಗ ಎಳೆದವರ ಕೆಲಸ ಹೋಗಬಾರದು. ಆರೈಕೆಗೆ ಶಿಕ್ಷೆಯನ್ನು ಕಟ್ಟಿದ ದಿನವೇ ರೋಗಿ ಸುಳ್ಳು ಹೇಳಲು ಕಲಿಯುತ್ತಾನೆ. ಆ ಸುಳ್ಳನ್ನು ಉಂಡೇ ಯಂತ್ರ ಬೆಳೆಯುತ್ತದೆ.

ಆ ಸಾಲು ಇದ್ದಿದ್ದರೆ ನಾನು ಅವತ್ತು ಶಮಶಾದಬಿಗೆ ನಿಜ ಹೇಳುತ್ತಿದ್ದೆನೇ? ಹೇಳುತ್ತಿದ್ದೆ ಎಂದು ಬರೆಯಬೇಕೆನಿಸುತ್ತದೆ. ಖಾತ್ರಿಯಿಲ್ಲ. ಆದರೂ ಬರೆಸಿ.

ನೀವು ಬರೆಸಿದಿರೋ ಇಲ್ಲವೋ ಎಂದು ತಿಳಿಯಲು ನನಗಿರುವುದು ಒಂದೇ ದಾರಿ. ಈ ಕಾಗದ ನಿಮಗೆ ಮುಟ್ಟಿ, ನೀವು ಎದ್ದು ಹೋಗಿ ಆ ಸಾಲು ಬರೆಸಿದ್ದರೆ, ನನ್ನ ಸುಳ್ಳು ಆಗಲೇ ಇಲ್ಲ. ಕಸ್ತೂರಿ ಈಗ ಒಳಗಿನಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕೂಸನ್ನು ಎತ್ತಿಕೊಳ್ಳಬೇಕು. ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಒಳಬಾಗಿಲ ಕಡೆ ನೋಡಿದೆ.

ಕೂಸು ಅಳುತ್ತಿದೆ. ನಾನೇ ಎತ್ತಿಕೊಳ್ಳುತ್ತೇನೆ.

ನೀಲಗಂಗವ್ವ